ಹಾಯಿ ಬಿಡು, ಹಲಗೆ ಬಿಡಬೇಡ

ಇಲ್ಲಿ ಏನಾದರೂ ಬರೆದು ಐದು ತಿಂಗಳಾಯಿತು. "ಏನ್ರೀ, ಮದುವೆ ಗಿದುವೆ ಆಯ್ತಾ?" ಅಂತ ಇಬ್ಬರು ಬ್ಲಾಗಿಗ ಮಿತ್ರರು ಮೇಲ್ ಹಾಕಿ ವಿಚಾರಿಸಿದ್ದಾರೆ. ಅಂಥ ಭಾಗ್ಯ ಇನ್ನೂ ಕೂಡಿಬಂದಿಲ್ಲ :-) ವಾರವೆಲ್ಲ ಆಫೀಸು, ಶನಿವಾರ ಬಂತೆಂದರೆ ನೀರಿಗೆ ಬೀಳುವುದು. ಬೀಳುವುದು ಅಂದರೆ ನಿಜವಾಗಿಯೂ ಬೀಳುವುದೇ. ಬಿದ್ದು, ಎದ್ದು, ಮತ್ತೆ ಬಿದ್ದು... ಮೇ ತಿಂಗಳಿಂದ ಸೆಪ್ಟೆಂಬರ್ ಮುಗಿಯುವ ತನಕ ಇದೇ ಕಸುಬು. ಈ ಕಸುಬಿಗೆ ವಿಂಡ್‌ಸರ್ಫಿಂಗ್ ಅಂತ ಹೆಸರು.

ಟೀವಿಯಲ್ಲಿ ನೋಡಿರುತ್ತೀರಿ. ಒಂದು ಉದ್ದನೆಯ ಹಲಗೆ, ಅದರ ಮೇಲೊಂದು ಕಂಬ, ಕಂಬಕ್ಕೆ ಬಣ್ಣದ ಹಾಯಿ. ಹಲಗೆಯ ಮೇಲೆ ನಿಂತವನು ಹಾಯಿ ಹಿಡಿದು, ಹಿಂದಕ್ಕೆ ಬಾಗಿ ಸುಂಯ್ ಅಂತ ಹೋಗುತ್ತಿರುತ್ತಾನೆ. ನೋಡುವವರಿಗೆ ಇದೇನು ಮಹಾ ಅನ್ನಿಸುತ್ತದೆ. ಕಳೆದ ವರ್ಷ ನಮ್ಮ ಟೀಮಿನ ಔಟಿಂಗಿನಲ್ಲಿ ಒಂದು ಗಂಟೆ ಇದನ್ನು ಮಾಡಿಸಿದ್ದರು. ಆ ಗಂಟೆಯಲ್ಲಿ ನಾನು ಹಲಗೆಯ ಮೇಲೆ ನಿಂತಿದ್ದು ಎಲ್ಲ ಕೂಡಿಸಿದರೆ ಒಂದು ನಿಮಿಷ ಆಗಬಹುದೇನೋ. ಆದರೆ ಅದರಲ್ಲೇ ಒಂದು ಹತ್ತು ಸೆಕೆಂಡು ಹಾಯಿಗೆ ಗಾಳಿ ತುಂಬಿ ಹಲಗೆ ತಾನೇ ತಾನಾಗಿ ಹೊರಟಿತ್ತು. ಇಂಜಿನ್ ಇಲ್ಲ, ಹುಟ್ಟು ಹಾಕುವುದಿಲ್ಲ, ಸದ್ದೂ ಇಲ್ಲ. ಆ ಹತ್ತು ಸೆಕೆಂಡು ಚಳಿಗಾಲವಿಡೀ ತಲೆಯಿಂದ ಹೋಗಲಿಲ್ಲ. ಮೇ ಬರುತ್ತಿದ್ದಂತೆ ದುಡ್ಡು ಕಟ್ಟಿ ಸೇರಿಕೊಂಡೆ.

ನಾನಿರುವುದು ಆಮ್‌ಸ್ಟರ್‌ಡ್ಯಾಮಿನಲ್ಲಿ. ಸೆಂಟ್ರಲ್ ಸ್ಟೇಷನ್ನಿನ ಹತ್ತಿರ 26ನೇ ನಂಬರಿನ ಟ್ರಾಮ್ ಹತ್ತಿದರೆ ಐಬರ್ಗ್ ಅನ್ನುವ ಬಡಾವಣೆಗೆ ಹೋಗುತ್ತದೆ. ನೀರಿಗೆ ಮರಳು ಸುರಿದು, ದ್ವೀಪ ಮಾಡಿ, ಅದರ ಮೇಲೆ ಕಟ್ಟಿದ ಬಡಾವಣೆ. ಅದರ ಅಂಚಿನ ಮರಳ ದಂಡೆಯಲ್ಲಿ ನಮ್ಮ ಪಾಠ. ಇದು ಒಂದು ಕಾಲಕ್ಕೆ ಸಮುದ್ರವೇ ಆಗಿತ್ತು. 1932ರಲ್ಲಿ ಡಚ್ಚರು 32 ಕಿಲೋಮೀಟರ್ ಉದ್ದದ ಏರಿ ಹಾಕಿ ಸಮುದ್ರದ ಬಾಯಿ ಮುಚ್ಚಿಬಿಟ್ಟರು. ಉಪ್ಪುನೀರು ನಿಧಾನವಾಗಿ ಸಿಹಿನೀರಾಯಿತು. ಹಾಗಾಗಿ ನಾನು ಬೀಳುತ್ತಿದ್ದದ್ದು ಲೆಕ್ಕಕ್ಕೆ ಒಂದು ದೊಡ್ಡ ಕೆರೆಗೆ.

ಕ್ಲಾಸಿನಲ್ಲಿ ಏಳು ಜನ. ಎಂಟರಿಂದ ಹನ್ನೆರಡು ವರ್ಷದ ಐದು ಮಕ್ಕಳು, ರಿಟೈರಾದ ಒಬ್ಬರು ಟೀಚರಮ್ಮ, ಮತ್ತೆ ನಾನು. ಕಲಿಸುವ ಹುಡುಗನಿಗೆ ಹತ್ತೊಂಬತ್ತು. "ಇಪ್ಪತ್ತೊಂಬತ್ತಕ್ಕೇ ಮುದುಕ ಆಗಿಬಿಟ್ಯೇನಯ್ಯಾ?" ಅಂತ ನೀವು ನಗಬಹುದು. ಮೊದಲ ದಿನ ಒಂದು ಪುಟ್ಟ ಹುಡುಗಿ ಬಂದು "ನೀವು ಯಾರ ಅಪ್ಪ?" ಅಂತ ಕೇಳಿದಾಗ ನನಗೆ ನಗು ಬರಲಿಲ್ಲ, ಅಷ್ಟೇ.

ವೆಟ್‌ಸೂಟ್ ಹಾಕಿಕೊಳ್ಳುವುದೇ ಒಂದು ಅಧ್ಯಾಯ. ರಬ್ಬರಿನ ಚರ್ಮದಂಥ ಅಂಗಿ. ಕಾಲು ತೂರಿಸಿ, ಎಳೆದು, ಕುಣಿದು, ಬೆವರಿ, ಮೇಲೆ ಹತ್ತಿಸುವಷ್ಟರಲ್ಲಿ ಅರ್ಧ ವ್ಯಾಯಾಮ ಮುಗಿದಿರುತ್ತದೆ. ಪಂಚೆ ಅನ್ನುವ ವಸ್ತು ಎಂಥ ಮಹತ್ವದ ಆವಿಷ್ಕಾರ ಅಂತ ಅವತ್ತು ಗೊತ್ತಾಯಿತು :-)

ಇನ್ನು ಪಾಠಕ್ಕೆ ಬರೋಣ. ಹಾಯಿ ನೀರಿನ ಮೇಲೆ ಮಲಗಿರುತ್ತದೆ. ನೀವು ಗಾಳಿಗೆ ಬೆನ್ನು ಕೊಟ್ಟು, ಕಂಬದ ಆಚೆ ಒಂದು ಕಾಲು, ಈಚೆ ಒಂದು ಕಾಲು ಇಟ್ಟು ನಿಲ್ಲಬೇಕು. ಕಂಬಕ್ಕೆ ಕಟ್ಟಿದ ಹಗ್ಗ ಹಿಡಿದು ಹಾಯಿಯನ್ನು ಮೇಲೆತ್ತಬೇಕು. ಬಾವಿಯಿಂದ ಕೊಡ ಸೇದಿದ ಹಾಗೆ ತೋಳಿನಿಂದ ಎಳೆದರೆ ಸೊಂಟ ಹೋಗುತ್ತದೆ, ಹಾಯಿ ಮೇಲೆ ಬರುವುದಿಲ್ಲ. ಹಾಯಿಯ ಮೇಲೆ ನೀರು ಕೂತಿರುತ್ತದಲ್ಲ, ಅದರ ಭಾರ. ಬೆನ್ನು ನೆಟ್ಟಗಿಟ್ಟು, ಮಂಡಿ ಸ್ವಲ್ಪ ಬಗ್ಗಿಸಿ, ಮೈಭಾರವನ್ನು ಹಿಂದಕ್ಕೆ ಬಿಟ್ಟು ಸುಮ್ಮನೆ ಕಾಯಬೇಕು. ನೀರು ತಾನಾಗಿ ಜಾರಿ ಹೋಗುತ್ತದೆ, ಹಾಯಿ ಹಗುರಾಗುತ್ತದೆ, ಆಮೇಲೆ ಎತ್ತುವುದು ಸುಲಭ. ಆ ಕಾಯುವಿಕೆ ನನಗೆ ಬರಲು ಎರಡು ಶನಿವಾರ ಬೇಕಾಯಿತು.

ಈ ಹಲಗೆಗೆ ಚುಕ್ಕಾಣಿ ಇಲ್ಲ. ಮತ್ತೆ ತಿರುಗಿಸುವುದು ಹೇಗೆ? ನಮ್ಮ ಮೊದಲ ಸೆಮಿಸ್ಟರಿನ ಎಂಜಿನಿಯರಿಂಗ್ ಮೆಕ್ಯಾನಿಕ್ಸ್ ನೆನಪಿದೆಯಾ? ಮೇಜಿನ ಮೇಲೆ ಒಂದು ಸ್ಕೇಲ್ ಇಟ್ಟು ಸರಿಯಾಗಿ ನಡುವಿನಲ್ಲಿ ತಳ್ಳಿ, ನೇರ ಸರಿಯುತ್ತದೆ. ತುದಿಯಲ್ಲಿ ತಳ್ಳಿದರೆ ತಿರುಗುತ್ತದೆ. ಇಲ್ಲೂ ಅಷ್ಟೇ. ಕಂಬದ ಬುಡದಲ್ಲಿ ಎಲ್ಲ ದಿಕ್ಕಿಗೂ ಬಾಗುವ ಒಂದು ಕೀಲಿದೆ. ಕಂಬವನ್ನು ಮುಂದಕ್ಕೆ ಬಾಗಿಸಿದರೆ ಗಾಳಿಯ ಒತ್ತಡ ಹಲಗೆಯ ಮೂತಿಯ ಕಡೆ ಸರಿಯುತ್ತದೆ, ಮೂತಿ ಗಾಳಿಯಿಂದ ಆಚೆ ತಿರುಗುತ್ತದೆ. ಹಿಂದಕ್ಕೆ ಬಾಗಿಸಿದರೆ ಮೂತಿ ಗಾಳಿಯ ಕಡೆಗೆ ಬರುತ್ತದೆ. ಗಾಳಿ ಬರುವ ದಿಕ್ಕಿಗೆ ನೇರವಾಗಿ ಮಾತ್ರ ಹೋಗಲಾಗುವುದಿಲ್ಲ. ಸುಮಾರು 45 ಡಿಗ್ರಿ ಓರೆಯಾಗಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಅಂಕುಡೊಂಕಾಗಿ ಹತ್ತಬೇಕು, ಘಾಟಿ ರಸ್ತೆಯಲ್ಲಿ ಬಸ್ಸು ಹತ್ತುವ ಹಾಗೆ.

ಇದನ್ನೆಲ್ಲ ನಾನು ಮೊದಲೇ ವಿಡಿಯೋ ನೋಡಿ, ನೋಟ್‌ಬುಕ್ಕಿನಲ್ಲಿ ಬಾಣದ ಗುರುತು ಹಾಕಿ, ಮನನ ಮಾಡಿಕೊಂಡು ಹೋಗಿದ್ದೆ. ಮಕ್ಕಳಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಅವರು ಹತ್ತಿದರು, ಬಿದ್ದರು, ನಕ್ಕರು, ಹೋದರು. ಮಧ್ಯಾಹ್ನದ ಹೊತ್ತಿಗೆ ಐದೂ ಮಕ್ಕಳು ಆಚೆಗೊಮ್ಮೆ ಈಚೆಗೊಮ್ಮೆ ಓಡಾಡುತ್ತಿದ್ದರೆ ನಾನೂ ಟೀಚರಮ್ಮನೂ ದಡದ ಹತ್ತಿರವೇ ಮುಳುಗೇಳುತ್ತಿದ್ದೆವು. ಇದರಲ್ಲಿ ಸ್ವಲ್ಪ ಪ್ರಕೃತಿಯ ಪಕ್ಷಪಾತವೂ ಇದೆ. ಮಗು ಹಗುರ, ಗಿಡ್ಡ, ಅದರ ಹಾಯಿಯೂ ಪುಟ್ಟದು. ನನಗೆ ಕೊಟ್ಟಿದ್ದು ನಾಲ್ಕು ಚದರ ಮೀಟರಿನ ಹಾಯಿ. ಜೊತೆಗೆ ಗಾಳಿಯ ಗಣಿತ ಬಡ್ಡಿಯ ಗಣಿತಕ್ಕಿಂತ ಕೆಟ್ಟದ್ದು. ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು.

ಆದರೆ ನನ್ನ ಕಷ್ಟ ತೂಕದ್ದಲ್ಲ. ಗಾಳಿ ಒಮ್ಮೆಲೇ ಜೋರಾದಾಗ ಹಾಯಿ ನಿಮ್ಮನ್ನು ಎಳೆಯುತ್ತದೆ. ಆಗ ಮಾಡಬೇಕಾದ್ದು ಒಂದೇ, ಹಿಂದಿನ ಕೈ ಬಿಟ್ಟುಬಿಡುವುದು. ಬಿಟ್ಟ ಕ್ಷಣವೇ ಹಾಯಿ ಬಾಗಿಲಿನ ಹಾಗೆ ತೆರೆದುಕೊಂಡು ಗಾಳಿ ಸೋರಿಹೋಗುತ್ತದೆ, ನೀವು ನಿಂತೇ ಇರುತ್ತೀರಿ. ಕಲಿಸುವ ಹುಡುಗ ದಡದಿಂದ ಕೂಗುತ್ತಿದ್ದ, "ಲೋಸ್ಲಾತೆನ್! ಲೋಸ್ಲಾತೆನ್!" ಡಚ್ಚಿನಲ್ಲಿ ಹಾಗಂದರೆ 'ಬಿಟ್ಟುಬಿಡು'. ನನ್ನ ಕೈ ಬಿಡುತ್ತಿರಲಿಲ್ಲ. ಗಾಳಿ ಜೋರಾದಷ್ಟೂ ಇನ್ನೂ ಗಟ್ಟಿಯಾಗಿ ಹಿಡಿಯುತ್ತಿತ್ತು. ಪರಿಣಾಮ, ಹಾಯಿ ನನ್ನನ್ನೂ ಹೊತ್ತುಕೊಂಡು ಮುಂದಕ್ಕೆ ಮಗುಚುತ್ತಿತ್ತು. ಮೂರನೇ ಶನಿವಾರ ಹಾಗೇ ಬಿದ್ದು ಹಾಯಿಯ ಅಡಿಗೆ ಹೋದೆ. ಮೇಲೆ ಬಂದರೆ ಆಕಾಶವಿಲ್ಲ, ತಲೆಯ ಮೇಲೆ ಪ್ಲಾಸ್ಟಿಕ್ಕಿನ ಹಾಳೆ. ಹೆಚ್ಚೆಂದರೆ ಮೂರು ಸೆಕೆಂಡು ಇರಬಹುದು. ಕೈಯೆತ್ತಿ ಹಾಯಿಯನ್ನು ಮೇಲಕ್ಕೆ ತಳ್ಳಿದರೆ ಉಸಿರಾಡಲು ಜಾಗವಾಗುತ್ತದೆ, ಅಂಚಿನತ್ತ ಕೈ ಆಡಿಸುತ್ತ ಹೊರಗೆ ಬರಬಹುದು ಅಂತ ಹೇಳಿಕೊಟ್ಟಿದ್ದರು. ಹಾಗೇ ಮಾಡಿ ಹೊರಗೆ ಬಂದೆ. ನೀರು ಅಲ್ಲಿ ನನ್ನ ಎದೆಮಟ್ಟ ಮಾತ್ರ ಇತ್ತು. ಆದರೂ ಅವತ್ತು ಮತ್ತೆ ಹಲಗೆ ಹತ್ತಲಿಲ್ಲ. ದಡದಲ್ಲಿ ಕೂತು ಕೈ ನೋಡಿಕೊಂಡೆ, ನಡುಗುತ್ತಿತ್ತು.

ವಿಚಿತ್ರವೆಂದರೆ ಈ ಕೈಗೆ ಬಿಡುವುದು ಗೊತ್ತಿತ್ತು. ನಮ್ಮದು ಹಿರಿಯೂರಿನ ಕಡೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲಾಗಿ ನಿಂತಿರುವುದನ್ನು ಹೈವೇಯಲ್ಲಿ ಹೋಗುವವರೆಲ್ಲ ನೋಡಿದ್ದೀರಿ. ನಮಗೆ ಮಳೆ ಕಡಿಮೆ, ಗಾಳಿ ಧಾರಾಳ. ಆಷಾಢ ಬಂತೆಂದರೆ ಹುಡುಗರೆಲ್ಲ ಗಾಳಿಪಟ ಹಿಡಿದು ಹೊಲಕ್ಕೆ ಓಡುತ್ತಿದ್ದೆವು. ಸೂತ್ರ ಕಟ್ಟುವುದು, ಬಾಲಂಗೋಚಿ ಎಷ್ಟುದ್ದ ಇರಬೇಕು ಅಂತ ನೋಡುವುದು, ದೂರದ ಹುಣಸೆಮರದ ತುದಿ ಅಲ್ಲಾಡಿದ್ದನ್ನು ನೋಡಿ ಗಾಳಿ ಈಗ ಬರುತ್ತದೆ ಅಂತ ಹೇಳುವುದು, ಜೋರು ಗಾಳಿ ಬಂದಾಗ ದಾರ ಸಡಿಲ ಬಿಡುವುದು, ಎಲ್ಲ ಬರುತ್ತಿತ್ತು. ಐಬರ್ಗಿನಲ್ಲೂ ಅದೇ. ಜೋರು ಗಾಳಿ ಬರುವ ಮೊದಲು ನೀರಿನ ಮೇಲೆ ಕಪ್ಪು ಸುಕ್ಕುಗಳು ಓಡಿಬರುತ್ತವೆ. ಕ್ಲಾಸಿನಲ್ಲಿ ಅದನ್ನು ಎಲ್ಲರಿಗಿಂತ ಮೊದಲು ಗುರುತಿಸುತ್ತಿದ್ದವನು ನಾನೇ. ಆದರೂ ಕೈ ಬಿಡುತ್ತಿರಲಿಲ್ಲ. ಕಾರಣ ಗಾಳಿಯಲ್ಲ, ಕೆಳಗಿದ್ದ ನೀರು.

ನಮ್ಮ ಮನೆಯಲ್ಲಿ ನೀರಿನ ಬಗ್ಗೆ ಒಂದು ಕಾನೂನಿತ್ತು. ಹತ್ತಿರ ಹೋಗಬಾರದು. 1985ರಲ್ಲಿ ಅಮ್ಮನ ತಮ್ಮ ಎಮ್ಮೆ ಮೈತೊಳೆಸಲು ಕೆರೆಗೆ ಹೋದವನು ವಾಪಸು ಬರಲಿಲ್ಲ. ಅವನಿಗೆ ಹನ್ನೆರಡು, ಅಮ್ಮನಿಗೆ ಹದಿನೈದು. ಇಟ್ಟಿಗೆಗೆ ಮಣ್ಣು ತೆಗೆದ ಗುಂಡಿ ನೀರಿನಡಿ ಇದ್ದದ್ದು ಅವನಿಗೆ ಗೊತ್ತಿರಲಿಲ್ಲ. ಎಮ್ಮೆ ಮಾತ್ರ ತಾನೇ ಮನೆಗೆ ಬಂತಂತೆ. ನಾನು ಫೋಟೋದಲ್ಲಿ ಕೂಡ ನೋಡದ ಆ ಮಾವನ ಕಾರಣಕ್ಕೆ ನಾನೂ ಅಕ್ಕನೂ ಕೆರೆಯ ಏರಿಯ ಮೇಲೆ ನಡೆಯುವಾಗಲೂ ಅಮ್ಮನ ಕೈ ಹಿಡಿದಿರಬೇಕಿತ್ತು. "ಗಟ್ಟಿ ಹಿಡ್ಕೋ, ಬಿಡಬೇಡ." ಮಾರಿಕಣಿವೆ ಡ್ಯಾಮು 1933ರ ನಂತರ ಮೊದಲ ಸಲ 2022ರಲ್ಲಿ ಕೋಡಿ ಬಿದ್ದಾಗ ಊರಿಗೆ ಊರೇ ಜಾತ್ರೆಯ ಹಾಗೆ ನೋಡಲು ಹೋಯಿತು. ಅಮ್ಮ ಹೋಗಲಿಲ್ಲ.

ನಾನು ಈಜು ಕಲಿತದ್ದು ಬೆಂಗಳೂರಿಗೆ ಕೆಲಸಕ್ಕೆ ಬಂದಮೇಲೆ, ಇಪ್ಪತ್ನಾಲ್ಕನೇ ವಯಸ್ಸಿನಲ್ಲಿ, ಕಾರ್ಪೊರೇಷನ್ ಈಜುಕೊಳದಲ್ಲಿ. ಈಜು ಬಾರದವರು ಈ ಆಟಕ್ಕೆ ಇಳಿಯಲೇಬಾರದು. ಸೇರುವಾಗಲೇ ಅಮ್ಮನಿಗೆ ಫೋನಿನಲ್ಲಿ ಹೇಳಿದ್ದೆ. ಆಕೆ ಬೇಡ ಅನ್ನಲಿಲ್ಲ, ಹೂಂ ಅನ್ನಲೂ ಇಲ್ಲ. ಆದರೆ ಅಂದಿನಿಂದ ಪ್ರತಿ ಶನಿವಾರ ಸಂಜೆ ಫೋನು. ಒಂದೇ ಪ್ರಶ್ನೆ. "ಬಂದೆಯೇನೋ?" "ಬಂದೆ ಅಮ್ಮ." ಆಮೇಲೆ ಊಟ, ತಿಂಡಿ, ಅಕ್ಕನ ಮಗಳ ಸುದ್ದಿ.

ನಾಲ್ಕನೇ ಶನಿವಾರ ಕಲಿಸುವ ಹುಡುಗ ಒಂದು ಉಪಾಯ ಮಾಡಿದ. ಹಲಗೆಯನ್ನು ದಡದ ಮರಳಿನ ಮೇಲೆ ಇಟ್ಟು, ಅದರ ಮೇಲೆ ನನ್ನನ್ನು ಹಾಯಿ ಹಿಡಿಸಿ ನಿಲ್ಲಿಸಿದ. ಗಾಳಿ ಬಂದಾಗಲೆಲ್ಲ ಹಿಂದಿನ ಕೈ ಬಿಡು, ಮತ್ತೆ ಹಿಡಿ. ಬಿಡು, ಹಿಡಿ. ಒಂದು ಗಂಟೆ ಅಷ್ಟೇ ಮಾಡಿದೆ. ಕೆಳಗೆ ನೀರಿಲ್ಲದಾಗ ಕೈ ಸಲೀಸಾಗಿ ಬಿಡುತ್ತಿತ್ತು. ಆಮೇಲೆ ಮೊಣಕಾಲುದ್ದದ ನೀರಿನಲ್ಲಿ. ಆಮೇಲೆ ಎದೆಮಟ್ಟದಲ್ಲಿ. ಜೊತೆಗೆ ಒಂದು ಮಾತು ಹೇಳಿದ. "ಹಾಯಿಯನ್ನು ಎಷ್ಟು ಸಲ ಬೇಕಾದರೂ ಬಿಡು. ಹಲಗೆಯನ್ನು ಮಾತ್ರ ಯಾವತ್ತೂ ಬಿಡಬೇಡ. ಅದು ಮುಳುಗೋದಿಲ್ಲ. ಸುಸ್ತಾದರೆ ಅದರ ಮೇಲೆ ಮಲಗು. ದಡ ಹತ್ತಿರ ಕಾಣಿಸ್ತಿದೆ ಅಂತ ಹಲಗೆ ಬಿಟ್ಟು ಈಜಿಕೊಂಡು ಬರೋಕೆ ಹೋಗಬೇಡ." ಕಲಿಯುವವರ ಹಲಗೆಯ ಗಾತ್ರ 200 ಲೀಟರಿನ ಆಸುಪಾಸು. ಅಂದರೆ 68 ಕೆಜಿಯ ನನ್ನನ್ನು ಹೊತ್ತು ಇನ್ನೂ ನೂರು ಕೆಜಿ ಹೊರುವಷ್ಟು ಶಕ್ತಿ. ಈ ಲೆಕ್ಕ ನನಗೆ ಮೊದಲಿಂದಲೂ ಗೊತ್ತಿತ್ತು. ಆದರೆ ಯಾವುದನ್ನು ಬಿಡಬೇಕು, ಯಾವುದನ್ನು ಹಿಡಿಯಬೇಕು ಅಂತ ಬೇರೆ ಬೇರೆ ಮಾಡಿ ಯಾರೂ ಹೇಳಿರಲಿಲ್ಲ. ನಮ್ಮಲ್ಲಿ ಎಲ್ಲವನ್ನೂ ಗಟ್ಟಿಯಾಗಿ ಹಿಡಿ ಅಂತ ತಾನೇ ಹೇಳಿಕೊಡುವುದು?

ಆ ವಾರ ಸಮಾಧಾನಕ್ಕೆ ಅಂತ ಈ ಆಟದ ಚರಿತ್ರೆ ಓದಿದೆ. ಅಮೆರಿಕದ ನ್ಯೂಮನ್ ಡಾರ್ಬಿ ಅನ್ನುವವರು ಅರವತ್ತರ ದಶಕದಲ್ಲಿ ಇಂಥದ್ದೊಂದು ಹಲಗೆ ಮಾಡಿ 1965ರಲ್ಲಿ ಪಾಪ್ಯುಲರ್ ಸೈನ್ಸ್ ಪತ್ರಿಕೆಯಲ್ಲಿ ಅದರ ಬಗ್ಗೆ ಬರೆದರು. ಅವರ ಹಾಯಿ ಗಾಳಿಪಟದ ಆಕಾರದ್ದೇ! ಇವತ್ತಿನ ರೂಪ ಕೊಟ್ಟವರು ಕ್ಯಾಲಿಫೋರ್ನಿಯಾದ ಜಿಮ್ ಡ್ರೇಕ್ ಮತ್ತು ಹಾಯ್ಲ್ ಶ್ವೈಟ್ಜರ್. 1968ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. ಡ್ರೇಕ್ ವಿಮಾನದ ಎಂಜಿನಿಯರು, 1929ರಲ್ಲಿ ಹುಟ್ಟಿದವರು. 1967ರಲ್ಲಿ ತಮ್ಮ ಹಲಗೆಯ ಮೇಲೆ ಮೊದಲ ಸಲ ನಿಂತಾಗ ಅವರಿಗೆ ಮೂವತ್ತೆಂಟು. ಕಲಿಸಲು ಯಾರೂ ಇಲ್ಲ! ಇದಕ್ಕಿಂತ ಮಜಾ ಮುಂದೆ ಇದೆ. ಇಂಗ್ಲೆಂಡಿನಲ್ಲಿ ಈ ಪೇಟೆಂಟಿನ ಮೇಲೆ ಕೋರ್ಟಿನಲ್ಲಿ ಕೇಸು ನಡೆದು, 1985ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಪೇಟೆಂಟ್ ನಿಲ್ಲುವುದಿಲ್ಲ ಅಂದಿತು. ಪೀಟರ್ ಚಿಲ್ವರ್ಸ್ ಅನ್ನುವವರು 1958ರಲ್ಲೇ ಹೇಲಿಂಗ್ ದ್ವೀಪದಲ್ಲಿ ಇಂಥ ಹಲಗೆ ಮಾಡಿ ಆಡಿದ್ದರು ಅನ್ನುವುದು ಅಲ್ಲಿ ಸಾಕ್ಷಿಯಾಗಿತ್ತು. ಆಗ ಅವರಿಗೆ ಹನ್ನೆರಡು ವರ್ಷ. ಮೂವತ್ತೆಂಟರ ಎಂಜಿನಿಯರ್ ಲೆಕ್ಕ ಹಾಕಿ ಕಂಡುಹಿಡಿದದ್ದನ್ನು ಹನ್ನೆರಡರ ಹುಡುಗ ಆಟವಾಡುತ್ತಲೇ ಮಾಡಿಬಿಟ್ಟಿದ್ದ. ನಮ್ಮ ಕ್ಲಾಸಿನ ಕಥೆಯೇ ಅಲ್ವಾ?

ಜೂನ್ ಮಧ್ಯದಲ್ಲಿ ಅಮ್ಮ ಬಂದಳು, ಎರಡೂವರೆ ತಿಂಗಳಿಗೆ. ಹುಣಸೆಹಣ್ಣು, ರಾಗಿಹಿಟ್ಟು, ಶೇಂಗಾ ಚಟ್ನಿಪುಡಿ ಎಲ್ಲ ಬಂತು. ಶನಿವಾರ ನಾನು ಬ್ಯಾಗ್ ಹಿಡಿದು ಹೊರಟರೆ ಅಡುಗೆಮನೆಯಿಂದ ಹೊರಗೆ ಬರುತ್ತಿರಲಿಲ್ಲ. ನಾನೂ ಕರೆಯಲಿಲ್ಲ.

ಜುಲೈನಲ್ಲಿ ನನ್ನ ಸಹೋದ್ಯೋಗಿಯೊಬ್ಬ ಮಗಳ ಈಜು ಪರೀಕ್ಷೆಗೆ ನಮ್ಮಿಬ್ಬರನ್ನೂ ಕರೆದ. ಈ ದೇಶದಲ್ಲಿ ಮನೆಯ ಹಿಂದೆ, ಮುಂದೆ, ಎಲ್ಲ ಕಡೆ ಕಾಲುವೆ. ಹಾಗಾಗಿ ಮಕ್ಕಳು ಚಿಕ್ಕಂದಿನಲ್ಲೇ ಈಜು ಕಲಿತು ಎ, ಬಿ, ಸಿ ಅಂತ ಮೂರು ಡಿಪ್ಲೊಮಾ ತೆಗೆದುಕೊಳ್ಳುತ್ತಾರೆ. ನೋಡಲು ಅಜ್ಜಿ ತಾತಂದಿರೆಲ್ಲ ಹೂವು ಹಿಡಿದು ಬರುತ್ತಾರೆ. ಆರು ವರ್ಷದ ಮಕ್ಕಳು ಬಟ್ಟೆ ಹಾಕಿಕೊಂಡು, ಶೂ ಕೂಡ ಹಾಕಿಕೊಂಡು, ಸಾಲಾಗಿ ನಿಂತಿದ್ದರು.

"ಬಟ್ಟೆ ಯಾಕೋ ಬಿಚ್ಚಿಸಿಲ್ಲ?" ಅಂದಳು ಅಮ್ಮ.

"ಪರೀಕ್ಷೆನೇ ಹಾಗಮ್ಮ. ನೀರಿಗೆ ಬೀಳೋರು ಬಟ್ಟೆ ಹಾಕ್ಕೊಂಡೇ ಬೀಳ್ತಾರಲ್ಲ, ಅದಕ್ಕೆ."

ಮಕ್ಕಳು ಒಬ್ಬೊಬ್ಬರಾಗಿ ಧುಮುಕಿ ಮೇಲೆ ಬಂದು ಈಜಿದರು. ಅಮ್ಮ ಬಹಳ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ನನ್ನ ಕಡೆ ನೋಡದೆ, "ಅವನು ಸ್ಕೂಲಿನ ಚಡ್ಡೀಲೇ ಇದ್ದ ಕಣೋ" ಅಂದಳು. ಮಾವನ ಬಗ್ಗೆ ಅಮ್ಮ ತಾನಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಮುಂದಿನ ಶನಿವಾರ ನಾನು ಶೂ ಹಾಕಿಕೊಳ್ಳುವಾಗ ಅಮ್ಮನೂ ಸೀರೆ ಬದಲಾಯಿಸಿ, ಸ್ವೆಟರ್ ಹಾಕಿ, ಚಿತ್ರಾನ್ನದ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವತ್ತು ಗಾಳಿ ಹದವಾಗಿತ್ತು, ಇಲ್ಲಿಯವರ ಲೆಕ್ಕದಲ್ಲಿ ಮೂರು ಬೋಫೋರ್ಟ್, ಅಂದರೆ ಗಂಟೆಗೆ 12ರಿಂದ 19 ಕಿಲೋಮೀಟರ್. ಅಮ್ಮ ದಡದ ಬೆಂಚಿನ ಮೇಲೆ ಕೂತಿದ್ದಳು. ನಾನು ಎರಡು ಗಂಟೆ ಆಡಿದೆ. ಕೊನೆಯ ಅರ್ಧ ಗಂಟೆಯಲ್ಲಿ ಸಾಕಷ್ಟು ದೂರ ಹೋಗಿ, ತಿರುಗಿಸಿಕೊಂಡು, ಹೊರಟ ಜಾಗಕ್ಕೇ ವಾಪಸು ಬಂದೆ. ಹೊರಟ ಜಾಗಕ್ಕೇ ಬರುವುದು ಈ ಆಟದಲ್ಲಿ ದೊಡ್ಡ ವಿಷಯ. ಗಾಳಿ ಕೊಂಡೊಯ್ದ ಕಡೆ ಹೋಗಿ, ಅಲ್ಲಿಂದ ಹಲಗೆ ಎಳೆದುಕೊಂಡು ನಡೆದು ಬರುವುದೇ ಅಲ್ಲಿಯವರೆಗಿನ ನನ್ನ ಪದ್ಧತಿಯಾಗಿತ್ತು. ಹೆಮ್ಮೆಯಿಂದ ಅಮ್ಮನ ಹತ್ತಿರ ಹೋದೆ.

"ಹದಿನೇಳು ಸಲ ಬಿದ್ದೆ" ಅಂದಳು. ಡಬ್ಬಿ ತೆಗೆದು ಚಿತ್ರಾನ್ನ ಕೊಟ್ಟಳು. ನನ್ನ ಪಕ್ಕದಲ್ಲೇ ನಡುಗುತ್ತ ನಿಂತಿದ್ದ ಟೀಚರಮ್ಮನಿಗೂ ಒಂದು ಮುಚ್ಚಳದಲ್ಲಿ ಹಾಕಿ ಕೊಟ್ಟಳು. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬಾರದು. ಆಕೆ ಬಿದ್ದ ಲೆಕ್ಕವನ್ನೂ ಅಮ್ಮ ಬೆರಳಲ್ಲಿ ತೋರಿಸಿದಳು. ಒಂಬತ್ತು. ನನಗಿಂತ ಅವರೇ ವಾಸಿ :-)

ಅಮ್ಮನ ಭಯ ಹೋಯಿತು ಅಂತ ನಾನು ಹೇಳುತ್ತಿಲ್ಲ. ಊರಿಗೆ ವಾಪಸು ಹೋದಮೇಲೂ ಶನಿವಾರ ಸಂಜೆಯ ಫೋನು ತಪ್ಪಲಿಲ್ಲ. ನನಗೂ ಹಾಯಿಯ ಅಡಿಯ ಆ ಮೂರು ಸೆಕೆಂಡು ಆಗಾಗ ಕನಸಿನಲ್ಲಿ ಬರುತ್ತದೆ. ಆದರೆ ಈಗ ಗಾಳಿ ಜೋರಾದಾಗ ಕೈ ಬಿಡುತ್ತದೆ, ನಾನು ಹೇಳುವ ಮೊದಲೇ.

ವಯಸ್ಸಾದ ಮೇಲೆ ಕಲಿಯಲು ಹೊರಟವರಿಗೆ ನಾನು ಕಂಡುಕೊಂಡ ಎರಡು ಮೂರು ಮಾತು. ಒಮ್ಮೆಗೆ ನಲವತ್ತು ನಿಮಿಷ ಸಾಕು. ಸುಸ್ತಾದ ಮೈ ಏನನ್ನೂ ಕಲಿಯುವುದಿಲ್ಲ, ಬರೀ ಬೀಳುತ್ತದೆ. ಪಾದ ನೋಡಿಕೊಳ್ಳಬೇಡಿ, ಹೋಗಬೇಕಾದ ಕಡೆ ನೋಡಿ. ಗಾಳಿ ದಡದಿಂದ ನೀರಿನ ಕಡೆ ಬೀಸುವ ದಿನ ಇಳಿಯಲೇಬೇಡಿ. ಹೋಗುವುದು ಸುಲಭ, ಬರುವುದು ಕಷ್ಟ. ಮಕ್ಕಳ ಜೊತೆ ಪೈಪೋಟಿ ಬೇಡ. ಅವರಿಗೆ ಮರೆಯಬೇಕಾದದ್ದು ಏನೂ ಇರುವುದಿಲ್ಲ, ನಮಗೆ ಇರುತ್ತದೆ. ಅದಕ್ಕೆ ಸಮಯ ಬೇಕು.

ಸದ್ಯಕ್ಕೆ ನೀರು ತಣ್ಣಗಾಗಿದೆ. ವೆಟ್‌ಸೂಟ್ ಬಾಲ್ಕನಿಯಲ್ಲಿ ಒಣಗುತ್ತಿದೆ. ಇನ್ನು ಮುಂದಿನ ಮೇ ತನಕ ಕಾಯಬೇಕು. ಆದ್ದರಿಂದ ಇಲ್ಲಿ ಪದೇಪದೇ ಬರೆದು ನಿಮ್ಮ ತಲೆ ತಿನ್ನುವವನಿದ್ದೇನೆ. ನಿಮ್ಮಲ್ಲಿ ಯಾರಾದರೂ ದೊಡ್ಡವರಾದ ಮೇಲೆ ಈಜೋ, ಸೈಕಲ್ಲೋ, ಸಂಗೀತವೋ ಕಲಿಯಲು ಹೋಗಿದ್ದರೆ ಬರೀರಿ. ಮಕ್ಕಳ ಸಾಲಿನಲ್ಲಿ ನಿಂತವರೆಲ್ಲ ಸೇರಿ ಒಂದು ಸಂಘ ಕಟ್ಟೋಣ.

ಹಾಂ, ಒಂದು ಹೇಳುವುದು ಮರೆತೆ. ತುಮಕೂರಿನಲ್ಲಿರುವ ಅಕ್ಕನ ಮಗಳನ್ನು ಈಜು ಕ್ಲಾಸಿಗೆ ಸೇರಿಸಿದ್ದಾರೆ. ಸೇರಿಸುವ ತನಕ ಅಮ್ಮ ಅಕ್ಕನನ್ನು ಬಿಡಲಿಲ್ಲವಂತೆ. ಪುಟ್ಟಿಗೆ ಏಳು ವರ್ಷ. ಸದ್ಯಕ್ಕೆ ಕೊಳದ ಅಂಚು ಹಿಡಿದುಕೊಂಡು ಕಾಲು ಬಡಿಯುವುದನ್ನು ಕಲಿಯುತ್ತಿದ್ದಾಳೆ. ಬರುವ ಭಾನುವಾರ ಅಂಚು ಬಿಡಿಸುತ್ತಾರಂತೆ. ನೋಡಲು ಅಮ್ಮ ಶನಿವಾರವೇ ತುಮಕೂರಿಗೆ ಹೊರಟಿದ್ದಾಳೆ.